ಕಾಂಗ್ರೆಸ್ ಗಿಡ ಮೇಯುವ ಜೀರುಂಡೆ ಸೂರ್ಯಕಾಂತಿಗೂ ಬಾಯಿ ಹಾಕುತ್ತದೆಯೇ?

ಪ್ರಶ್ನೆ: ಹೊಲದ ಬದುವಿನ ಕಾಂಗ್ರೆಸ್ ಗಿಡಗಳ ಮೇಲೆ ಕೆನೆಬಣ್ಣದ ಮೈಗೆ ಕಂದು ಗೆರೆಗಳಿರುವ ಜೀರುಂಡೆಗಳು ತುಂಬಿಕೊಂಡಿವೆ. ಪಕ್ಕದಲ್ಲೇ ಸೂರ್ಯಕಾಂತಿಯಿದೆ. ಔಷಧ ಹೊಡೆಯಬೇಕೇ?

ಉತ್ತರ: ಬೇಕಾಗಿಲ್ಲ. ಇದು ಮೆಕ್ಸಿಕನ್ ಜೀರುಂಡೆ, ವೈಜ್ಞಾನಿಕ ಹೆಸರು ಝೈಗೋಗ್ರಾಮಾ ಬೈಕೊಲೊರೇಟಾ. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಹಾವಳಿಯನ್ನು ತಗ್ಗಿಸಲೆಂದೇ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷೆಗಳ ನಂತರ 1984ರಲ್ಲಿ ಹೊರಗೆ ಬಿಟ್ಟ ಕೀಟ.

ನಿಮ್ಮ ಅಂಜಿಕೆ ಹೊಸದಲ್ಲ. 1990ರ ದಶಕದ ಆರಂಭದಲ್ಲಿ ಕರ್ನಾಟಕದ ಸೂರ್ಯಕಾಂತಿ ಹೊಲಗಳಲ್ಲಿ ಈ ಜೀರುಂಡೆ ಎಲೆ ಕಚ್ಚಿದ್ದು ಕಂಡುಬಂದಾಗ ದೊಡ್ಡ ವಿವಾದವೇ ಎದ್ದಿತ್ತು. ಪಾರ್ಥೇನಿಯಂ ಮತ್ತು ಸೂರ್ಯಕಾಂತಿ ಒಂದೇ ಸಸ್ಯಕುಟುಂಬದವು. ಅದರ ಜೊತೆಗೆ ಗಾಳಿಯಲ್ಲಿ ತೇಲಿಬಂದ ಪಾರ್ಥೇನಿಯಂ ಪರಾಗ ಸೂರ್ಯಕಾಂತಿಯ ಎಲೆಗಳ ಮೇಲೆ ಕೂತಾಗ ಜೀರುಂಡೆಗಳು ಅದರ ಆಕರ್ಷಣೆಯಿಂದ ಎಲೆಯನ್ನೂ ಕಚ್ಚುತ್ತವೆ ಎಂಬ ವಿವರಣೆಯನ್ನು ಸಂಶೋಧಕರು ಮುಂದಿಟ್ಟರು. ಬದುವಿನ ಕಳೆಯೆಲ್ಲ ಬರಿದಾದಾಗ ಹಸಿದ ಜೀರುಂಡೆಗಳು ಅಲೆಯುವುದೂ ಉಂಟು. ಆದರೆ ಅಲ್ಲಲ್ಲಿ ಎಲೆ ಕಚ್ಚುವುದು ಬೇರೆ, ಆ ಬೆಳೆಯಲ್ಲಿ ಮೊಟ್ಟೆಯಿಟ್ಟು ಪೀಳಿಗೆ ಬೆಳೆಸಿ ನೆಲೆಯೂರುವುದು ಬೇರೆ; ಎರಡನೆಯದು ನಮ್ಮ ಹೊಲಗಳಲ್ಲಿ ಆಗಲಿಲ್ಲ.

ಮೆಕ್ಸಿಕನ್ ಜೀರುಂಡೆ ಸೇರಿರುವ ಎಲೆ ಜೀರುಂಡೆಗಳ ಕುಟುಂಬದಲ್ಲಿ ಈವರೆಗೆ ಹೆಸರಿಸಿರುವ ಪ್ರಭೇದಗಳೇ 35,000ಕ್ಕೂ ಹೆಚ್ಚು, ಮತ್ತು ಅವುಗಳಲ್ಲಿ ಬಹುಪಾಲು ಕೆಲವೇ ಬಗೆಯ ಗಿಡಗಳಿಗೆ ಅಂಟಿಕೊಂಡಿರುತ್ತವೆ. ಕುಂಬಳ, ಸೌತೆಯ ಎಳೆ ಎಲೆಗಳನ್ನು ತೂತು ಮಾಡುವ ಕೆಂಪು ದುಂಬಿಯೂ ಇದೇ ಕುಟುಂಬದ್ದು. ಗೆಣಸಿನ ಬಳ್ಳಿಯಲ್ಲಿ ಕಾಣುವ ಆಮೆಯಾಕಾರದ ಜೀರುಂಡೆಯೂ ಇದೇ ಬಳಗದ್ದು, ಅದರ ಮರಿಹುಳು ತನ್ನ ಹಿಕ್ಕೆಯನ್ನೇ ಬೆನ್ನ ಮೇಲೆ ಗುರಾಣಿಯಂತೆ ಹೊತ್ತಿರುತ್ತದೆ. ಹಾಗೆಂದು ಈ ಆಹಾರನಿಷ್ಠೆ ಎಂದೂ ಮುರಿಯದ ಕಟ್ಟಳೆಯೇನಲ್ಲ: ಮೆಕ್ಸಿಕನ್ ಜೀರುಂಡೆಯ ಹತ್ತಿರದ ಸಂಬಂಧಿಯೊಂದು ಅಮೆರಿಕದಲ್ಲಿ ಕಾಡು ಬದನೆ ಜಾತಿಯ ಮುಳ್ಳುಗಿಡವನ್ನು ತಿಂದುಕೊಂಡಿದ್ದು, 1859ರ ಹೊತ್ತಿಗೆ ಆಲೂಗಡ್ಡೆಗೆ ಹಬ್ಬಿ, ಕೊಲರಾಡೊ ಜೀರುಂಡೆ ಎಂಬ ಕುಖ್ಯಾತಿ ಪಡೆಯಿತು. ಆದ್ದರಿಂದ ಅಂದು ಪ್ರಶ್ನೆ ಕೇಳಿದವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಮೆಕ್ಸಿಕನ್ ಜೀರುಂಡೆಯಿಂದ ಅತಿಯಾಗಿ ನಿರೀಕ್ಷಿಸುವುದೂ ತಪ್ಪು. ಮರಿಹುಳುಗಳು ಚಿಗುರು, ಮೊಗ್ಗುಗಳನ್ನು ತಿಂದು ಗಿಡ ಹೂಬಿಡುವುದನ್ನು ಕುಗ್ಗಿಸುತ್ತವೆ, ಬಳಿಕ ಮಣ್ಣಿಗಿಳಿದು ಕೋಶಾವಸ್ಥೆಗೆ ಹೋಗುತ್ತವೆ. ಒಣ ತಿಂಗಳುಗಳಲ್ಲಿ ವಯಸ್ಕ ಜೀರುಂಡೆಗಳು ಮಣ್ಣಿನೊಳಗೇ ಮಲಗಿದ್ದು ಮಳೆ ಬಿದ್ದ ಮೇಲೆ ಏಳುತ್ತವೆ. ಆದರೆ ಕಾಂಗ್ರೆಸ್ ಗಿಡ ತೇವ ಸಿಕ್ಕಾಗಲೆಲ್ಲ ಮೊಳೆಯುತ್ತದೆ. ಹೀಗಾಗಿ ಬೇಸಿಗೆಯಲ್ಲಿ ನೀರಾವರಿಯ ಅಂಚಿನಲ್ಲಿ ಹುಟ್ಟುವ ಗಿಡಗಳನ್ನು ಹೂಬಿಡುವ ಮೊದಲೇ, ಕೈಗವಸು ಹಾಕಿಕೊಂಡು, ನೀವೇ ಕೀಳಬೇಕು. ಮಳೆಗಾಲದಲ್ಲಿ ಮಾತ್ರ ಬದುವಿಗೆ ಕೀಟನಾಶಕ ಸಿಂಪಡಿಸದಿದ್ದರೆ ಸಾಕು, ಉಳಿದದ್ದನ್ನು ಜೀರುಂಡೆಗಳು ನೋಡಿಕೊಳ್ಳುತ್ತವೆ.