ಆಶ್‌ಟ್ರೇ ತೊಳೆದವರ ಕಡೆಯಿಂದ

ಮುಂಬೈಗೆ ಬಂದಾಗ ನನಗೆ ಸಿಕ್ಕಿದ ಮೊದಲ ಕೆಲಸ ಆಶ್‌ಟ್ರೇ ತೊಳೆಯುವುದು. 1986ರ ಮಾತು. ಫೋರ್ಟಿನ ಒಂದು ಗಲ್ಲಿಯಲ್ಲಿ ನಮ್ಮ ಊರ ಕಡೆಯವರ ಹೋಟೆಲು. ಬೆಳಿಗ್ಗೆ ಆರಕ್ಕೆ ಕೆಲಸ ಶುರು, ಸಂಜೆ ಕೈಕಾಲು ತೊಳೆದು ರಾತ್ರಿಶಾಲೆಗೆ ಓಟ. ಹದಿನಾಲ್ಕು ಟೇಬಲ್ಲು, ಹದಿನಾಲ್ಕು ಆಶ್‌ಟ್ರೇ. ಒಣ ಬೂದಿಯದ್ದೇನೂ ತೊಂದರೆಯಿಲ್ಲ, ತಟ್ಟಿದರೆ ಹೋಯಿತು. ಆದರೆ ಚಾ ಕುಡಿದವರು ತಳದಲ್ಲಿ ಉಳಿದ ಗುಟುಕನ್ನು ಅದಕ್ಕೇ ಸುರಿದು, ಅದರಲ್ಲೇ ಸಿಗರೇಟು ನಂದಿಸಿ ಹೋಗುತ್ತಿದ್ದರು. ಆ ಕಪ್ಪು ರಾಡಿ ಉಗುರಿನ ಸಂದಿಗೆ ಸೇರಿದರೆ ಸಾಬೂನಿಗೂ ಬಗ್ಗುವುದಿಲ್ಲ. ಮಧ್ಯಾಹ್ನ ಅನ್ನ ಕಲಸುವಾಗ ಅದೇ ವಾಸನೆ.

ಗಿರಾಕಿಗೆ 'ಇಲ್ಲಿ ಸೇದಬೇಡಿ' ಎನ್ನಬಹುದು ಎಂಬ ಯೋಚನೆ ಆಗ ಯಾರಿಗೂ ಬಂದಿರಲಿಲ್ಲ. ಗಲ್ಲೆಯಲ್ಲಿ ಕೂತ ಅಣ್ಣನಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ. ಇವತ್ತು ಅದೇ ಗಲ್ಲಿಯ ಹೋಟೆಲಿನಲ್ಲಿ ಆಶ್‌ಟ್ರೇ ಇಟ್ಟರೇ ಅದು ನಿಯಮಭಂಗ. ಈ ನಡುವೆ ಏನಾಯಿತು ಎಂದು ಹಿಂದಿರುಗಿ ನೋಡಿದಾಗ ನನಗೆ ಒಂದು ಸಂಗತಿ ಎದ್ದು ಕಂಡಿತು. ಕಾನೂನು ಹೊಗೆಯನ್ನು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆಯನ್ನೇ ಮತ್ತೆಮತ್ತೆ ತಿದ್ದಿ ಬರೆದಿದೆ. ಸೇದುವವನು ಉಳಿದವರನ್ನು ಕೇಳಬೇಕೋ, ಉಳಿದವರು ಸೇದುವವನನ್ನು ತಡೆಯಬೇಕೋ, ಇಲ್ಲ ಮೂರನೆಯವನೊಬ್ಬ ನಡುವೆ ಬರಬೇಕೋ?

ಮುಂಬೈಯಲ್ಲಿ ಹೊಗೆಯ ಹೆಸರಿನಲ್ಲಿ 1912ರಷ್ಟು ಹಿಂದೆಯೇ ಕಾಯ್ದೆಯೊಂದು ಬಂದಿತ್ತು. ಆದರೆ ಆ 'ಬಾಂಬೆ ಸ್ಮೋಕ್ ನ್ಯೂಸೆನ್ಸಸ್ ಆಕ್ಟ್'ಗೆ ಬೀಡಿ ಸಿಗರೇಟುಗಳ ಚಿಂತೆಯಿರಲಿಲ್ಲ. ಅದು ನೋಡಿದ್ದು ಗಿರಣಿ ಚಿಮಣಿಗಳ ಕಡೆಗೆ. ಮನುಷ್ಯನ ಬಾಯಿಂದ ಬರುವ ಹೊಗೆಯನ್ನು ಗಮನಿಸಿದ್ದು ರೈಲ್ವೆ. 1890ರ ರೈಲ್ವೆ ಕಾಯ್ದೆಯ 110ನೇ ಕಲಮಿನ ಪ್ರಕಾರ, ಧೂಮಪಾನಕ್ಕೆಂದೇ ಇಟ್ಟ ಡಬ್ಬಿಯನ್ನು ಬಿಟ್ಟು ಬೇರೆಡೆ ಜೊತೆ ಪ್ರಯಾಣಿಕರ ಒಪ್ಪಿಗೆಯಿಲ್ಲದೆ ಸೇದಿದರೆ 20 ರೂಪಾಯಿವರೆಗೆ ದಂಡ. ಅಂದರೆ ಬ್ರಿಟಿಷರ ಕಾಲದಲ್ಲಿ ಕೇಳುವ ಹೊಣೆ ಸೇದುವವನದಾಗಿತ್ತು, ಕಾಗದದ ಮೇಲಾದರೂ.

ತೊಂಬತ್ತೊಂಬತ್ತು ವರ್ಷದ ನಂತರ, 1989ರ ಹೊಸ ರೈಲ್ವೆ ಕಾಯ್ದೆ ಬಂದಾಗ ಇದು ತಲೆಕೆಳಗಾಯಿತು. ಅದರ 167ನೇ ಕಲಮು ಹೇಳುವುದು ಬೇರೆ: ಡಬ್ಬಿಯಲ್ಲಿ ಇನ್ನೊಬ್ಬ ಪ್ರಯಾಣಿಕ ಆಕ್ಷೇಪಿಸಿದರೆ ಸೇದಕೂಡದು. ದಂಡ 100 ರೂಪಾಯಿಗೆ ಏರಿತು, ಬೇಕಾದ ಗಾಡಿಯಲ್ಲಿ ಪೂರ್ತಿ ನಿಷೇಧಿಸುವ ಅಧಿಕಾರವೂ ರೈಲ್ವೆಗೆ ಸಿಕ್ಕಿತು, ಸರಿ. ಆದರೆ ಮೊದಲ ಸಾಲಿನಲ್ಲಿ ಬಾಯಿ ಬಿಡಬೇಕಾದವನು ಬದಲಾಗಿಬಿಟ್ಟ. ಸೇದುವವನು ಕೇಳಬೇಕಾಗಿಲ್ಲ, ಕೆಮ್ಮುವವನು ಹೇಳಬೇಕು. ಸಂಜೆಯ ವಿರಾರ್ ಫಾಸ್ಟ್ ಲೋಕಲ್ ರೈಲಿನ ಬಾಗಿಲಲ್ಲಿ ಒಂದೇ ಕಾಲ ಮೇಲೆ ನಿಂತವನು, ದಿನವೂ ಅದೇ ಡಬ್ಬಿಯಲ್ಲಿ ಬರುವ ಇಸ್ಪೀಟಿನ ಗುಂಪಿಗೆ ಆಕ್ಷೇಪ ಹೇಳುವುದನ್ನು ಊಹಿಸಿ ನೋಡಿ! ನಾನು ಹೇಳಲಿಲ್ಲ. ಇನ್ನೊಬ್ಬರು ಹೇಳಿದ್ದನ್ನು ಒಮ್ಮೆ ಮಾತ್ರ ನೋಡಿದ್ದೇನೆ. ಅವರಿಗೆ ಮರುದಿನದಿಂದ ಕೂರಲು ಜಾಗ ಸಿಗಲಿಲ್ಲ.

ಕೇಂದ್ರ ಸರಕಾರದ 1975ರ ಸಿಗರೇಟ್ ಕಾಯ್ದೆ ಪ್ಯಾಕಿನ ಮೇಲೆ ಎಚ್ಚರಿಕೆ ಅಚ್ಚು ಹಾಕಿಸಿತು. ಅದು ಸೇದುವವನಿಗೆ ಹೇಳಿದ ಮಾತು, ಪಕ್ಕದಲ್ಲಿ ಕೂತವನಿಗಲ್ಲ. ಪಕ್ಕದವನನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ರಾಜ್ಯಗಳು. ನಮ್ಮ ಕರ್ನಾಟಕದಲ್ಲಿ ಸಿನಿಮಾ ಮಂದಿರ ಮತ್ತು ಸಾರ್ವಜನಿಕ ಸಭಾಂಗಣಗಳೊಳಗಿನ ಧೂಮಪಾನಕ್ಕೆ 1963ರಲ್ಲೇ ಪ್ರತ್ಯೇಕ ಕಾಯ್ದೆಯಿತ್ತು. ಆದರೆ ಈಗ ನಾವು 'ಸಾರ್ವಜನಿಕ ಸ್ಥಳ' ಎನ್ನುವ ವಿಶಾಲ ಅರ್ಥದಲ್ಲಿ ಮೊದಲು ಹೊರಟದ್ದು ದೆಹಲಿ. ಅಲ್ಲಿನ 1996ರ ಕಾಯ್ದೆಯ ಹೆಸರಿನಲ್ಲೇ 'ಧೂಮಪಾನ ಮಾಡದವರ ಆರೋಗ್ಯ ರಕ್ಷಣೆ' ಎಂಬ ಮಾತಿದೆ. ಅದರ ಹಿಂದೆಯೇ ಗೋವಾ.

ಗೋವಾದ 1997ರ ಕಾಯ್ದೆ ನನಗೆ ಇಷ್ಟ. ಅದರ ಹೆಸರು ಧೂಮಪಾನ ಮತ್ತು ಉಗುಳುವಿಕೆ ನಿಷೇಧ ಕಾಯ್ದೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದವರಿಗೆ ನಮ್ಮ ಜನರ ಗುಣ ಚೆನ್ನಾಗಿ ಗೊತ್ತಿತ್ತು. ಸೇದಬೇಡ ಎಂದರೆ ತಂಬಾಕು ಜಗಿಯುತ್ತಾನೆ, ಜಗಿದವನು ಮೂಲೆ ಹುಡುಕುತ್ತಾನೆ. ಇದರ ಹಿಂದೆ ಇದ್ದವರಲ್ಲಿ ಮುಖ್ಯರು ಗೋವಾದ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ಶರದ್ ವೈದ್ಯ. ಶಸ್ತ್ರಕೋಣೆಯಲ್ಲಿ ಕತ್ತರಿಸಿ ತೆಗೆಯುವುದನ್ನು ಹೊರಗೇ ತಡೆಯಬೇಕೆಂದು ಹೊರಟ ಅವರು ತಂಬಾಕು ನಿರ್ಮೂಲನೆಗಾಗಿಯೇ 'ನೋಟ್' ಎಂಬ ಸಂಸ್ಥೆ ಕಟ್ಟಿದರು. ಕೇಂದ್ರದ ಕಾಯ್ದೆ ಬರುವ ಎಷ್ಟೋ ಮೊದಲೇ ಪುಟ್ಟ ರಾಜ್ಯವೊಂದು ಇದನ್ನು ಮಾಡಿತೆಂಬುದು ಸಣ್ಣ ಮಾತಲ್ಲ.

ಮುಂಬೈ ಈ ಕಥೆಯೊಳಗೆ ಬಂದದ್ದು ಕೋರ್ಟಿನ ಮೆಟ್ಟಿಲೇರಿ. 1999ರ ಜುಲೈಯಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಕಾನೂನುಬಾಹಿರ ಎಂದು ಸಾರಿತ್ತು. ಇತ್ತ ದಕ್ಷಿಣ ಮುಂಬೈಯನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ್ದ, ಹಿಂದೆ ಈ ನಗರದ ಮೇಯರೂ ಆಗಿದ್ದ ಮುರಳಿ ದೇವ್ರಾ ಸುಪ್ರೀಂ ಕೋರ್ಟಿಗೆ ಹೋದರು. 2001ರ ನವೆಂಬರ್ 2ರಂದು ಆದೇಶ ಬಂತು. ಸಂವಿಧಾನದ 21ನೇ ವಿಧಿ ಜೀವಿಸುವ ಹಕ್ಕನ್ನು ಕೊಟ್ಟಿರುವಾಗ, ಸಾರ್ವಜನಿಕ ಜಾಗಕ್ಕೆ ಹೋಗಬೇಕಾಯಿತೆಂಬ ಒಂದೇ ಕಾರಣಕ್ಕೆ ಸೇದದವನು ಯಾಕೆ ಕಾಯಿಲೆ ತಗಲಿಸಿಕೊಳ್ಳಬೇಕು ಎಂದು ಕೋರ್ಟು ಕೇಳಿತು. ಸಭಾಂಗಣ, ಆಸ್ಪತ್ರೆ, ಶಾಲೆ ಕಾಲೇಜು, ಗ್ರಂಥಾಲಯ, ನ್ಯಾಯಾಲಯ, ಸರಕಾರಿ ಕಚೇರಿ, ಬಸ್ಸು ರೈಲು, ಎಲ್ಲ ಕಡೆ ನಿಷೇಧ. ಇನ್ನು ಒಪ್ಪಿಗೆಯ ಮಾತೂ ಇಲ್ಲ, ಆಕ್ಷೇಪದ ಮಾತೂ ಇಲ್ಲ.

ಪಟ್ಟಿಯನ್ನು ಇನ್ನೊಮ್ಮೆ ಓದಿ. ಹೋಟೆಲು ಇದೆಯೇ? ಇಲ್ಲ.

2003ರ ಕೇಂದ್ರದ ತಂಬಾಕು ಕಾಯ್ದೆ, ಎಲ್ಲರೂ 'ಕೋಟ್ಪಾ' ಎಂದು ಕರೆಯುವುದು, ಹೋಟೆಲನ್ನು ಒಳಗೆ ತಂದಿತು. 2004ರ ಮೇ 1ರಿಂದ ಜಾರಿ, ತಪ್ಪಿದರೆ 200 ರೂಪಾಯಿವರೆಗೆ ದಂಡ. ತಂದ ಕೈಯಲ್ಲೇ ಎರಡು ಕಿಂಡಿಗಳನ್ನೂ ತೆರೆಯಿತು. 'ಬಯಲು ಜಾಗ' ಸಾರ್ವಜನಿಕ ಸ್ಥಳವಲ್ಲ ಎನ್ನುವುದು ಒಂದು. 30 ಅಥವಾ ಹೆಚ್ಚು ಜನ ಕೂರುವ ರೆಸ್ಟೋರೆಂಟು, 30 ಕೋಣೆಗಳ ಹೋಟೆಲು ಮತ್ತು ವಿಮಾನ ನಿಲ್ದಾಣದಲ್ಲಿ ಸೇದುವವರಿಗೆ ಬೇರೆ ಜಾಗ ಮಾಡಬಹುದು ಎನ್ನುವುದು ಇನ್ನೊಂದು. ನೌಕರಿಯ ಜಾಗದ ಬಗ್ಗೆ ಕಾಯ್ದೆಯ ವ್ಯಾಖ್ಯೆಯಲ್ಲಿ ನೇರ ಮಾತಿರಲಿಲ್ಲ.

ಆ ಮಾತು ಬಂದದ್ದು 2008ರ ಗಾಂಧಿ ಜಯಂತಿಯಂದು, ಅನ್ಬುಮಣಿ ರಾಮದಾಸ್ ಆರೋಗ್ಯ ಸಚಿವರಾಗಿದ್ದಾಗ ಜಾರಿಗೆ ಬಂದ ನಿಯಮಗಳಲ್ಲಿ. ಕೆಲಸದ ಸ್ಥಳ, ಮಾಲ್, ಸಿನಿಮಾ ಮಂದಿರ ಎಲ್ಲವೂ ಸಾರ್ವಜನಿಕ ಸ್ಥಳವೇ ಎಂದವು ಅವು. ಬಯಲಾದರೂ ಸ್ಟೇಡಿಯಂ, ರೈಲು ನಿಲ್ದಾಣ, ಬಸ್ ಸ್ಟಾಪುಗಳಿಗೆ ವಿನಾಯಿತಿಯಿಲ್ಲ ಎಂದವು. ಸಿಗರೇಟು ಕಂಪನಿ, ಹೋಟೆಲು ಉದ್ಯಮದವರು ಕೋರ್ಟಿಗೆ ಹೋದರು, ಆದರೆ ಸುಪ್ರೀಂ ಕೋರ್ಟು ತಡೆ ಕೊಡಲಿಲ್ಲ. ಕೇಳುವ ಹೊಣೆ ಈ ಸಲ ಮೂರನೆಯವನ ಹೆಗಲೇರಿತು. ಮಾಲೀಕ, ಮ್ಯಾನೇಜರ್, ಮೇಲ್ವಿಚಾರಕ, ಯಾರು ಆ ಜಾಗವನ್ನು ನಡೆಸುತ್ತಾರೋ ಅವರೇ ಜವಾಬ್ದಾರರು. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಬೋರ್ಡು ಹಾಕಬೇಕು. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡಕೂಡದು. ದೂರು ಬಂದರೂ ಕೈಕಟ್ಟಿ ಕೂತರೆ, ಎಷ್ಟು ಜನ ಸೇದಿದರೋ ಅಷ್ಟು ಜನರ ದಂಡ ಇವರದೇ. ದಂಡ ವಸೂಲು ಮಾಡುವ ಅಧಿಕಾರ ಸ್ಟೇಷನ್ ಮಾಸ್ತರರಿಂದ ಹಿಡಿದು ಪೋಸ್ಟ್ ಮಾಸ್ತರರವರೆಗೆ ಹಂಚಿಹೋಗಿದೆ. ಪೋಸ್ಟ್ ಮಾಸ್ತರರು ದಂಡದ ರಸೀದಿ ಹರಿದದ್ದನ್ನು ಮಾತ್ರ ನಾನು ಕಂಡಿಲ್ಲ.

ಆ ಅಕ್ಟೋಬರಿನಲ್ಲಿ ಮಾಟುಂಗಾ ಕಡೆಯ ಗೆಳೆಯನೊಬ್ಬನ ಹೋಟೆಲಿನಲ್ಲಿ ಕೂತಿದ್ದೆ. ಆಶ್‌ಟ್ರೇಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮಾಳಿಗೆಗೆ ಎಸೆದಿದ್ದ. ಹಳೆಯ ಗಿರಾಕಿಯೊಬ್ಬರು ಅಭ್ಯಾಸಬಲದಿಂದ ಸಿಗರೇಟು ಹಚ್ಚಿದರು. ಇವನು ಗಲ್ಲೆಯಿಂದ ಎದ್ದು, ಕೈಮುಗಿದು, ಮರಾಠಿಯಲ್ಲಿ "ಸಾಹೇಬ್, ಆತಾ ಬಾಹೇರ್" ಎಂದ, ಇನ್ನು ಹೊರಗೆ ಎಂದರ್ಥ. ಅವರು ಎದ್ದು ಹೋದರು. ಚಾದ ದುಡ್ಡು ಕೊಡಲಿಲ್ಲ. "ಇಪ್ಪತ್ತು ವರ್ಷದ ಗಿರಾಕಿ ಮಾರಾಯ" ಎಂದು ಗೆಳೆಯ ನನ್ನ ಮುಖ ನೋಡಿದ. ಸಪ್ಲಾಯರ್ ಹುಡುಗ ಒಂದು ಮಾತೂ ಆಡದೆ ಟೇಬಲ್ಲು ಒರೆಸಿದ. ಒರೆಸಿದ ಬಟ್ಟೆಗೆ ಬೂದಿ ಇರಲಿಲ್ಲ.

ಸೇದುವವರಿಗೆಂದು ಕಾಯ್ದೆ ಬಿಟ್ಟ ಆ ವಿನಾಯಿತಿಯ ಕೋಣೆ ಯಾರಿಗಾಯಿತು ಎಂಬುದನ್ನೂ ಹೇಳಬೇಕು. ನಿಯಮದಂತೆ ಅದಕ್ಕೆ ನಾಲ್ಕು ಕಡೆ ಪೂರ್ತಿ ಎತ್ತರದ ಗೋಡೆ, ತಾನೇ ಮುಚ್ಚಿಕೊಳ್ಳುವ ಬಾಗಿಲು, ಹೊಗೆಯನ್ನು ಹೊರಗೇ ಎಳೆದು ಹಾಕುವ ಫ್ಯಾನು, ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆಯಿರುವ ವ್ಯವಸ್ಥೆ ಬೇಕು. ಒಂದು ಟೇಬಲ್ಲು ಹೆಚ್ಚು ಹಾಕಲು ಕೈತೊಳೆಯುವ ಬೇಸಿನ್ನನ್ನೇ ಮೂಲೆಗೆ ಒತ್ತುವ ಉಡುಪಿ ಹೋಟೆಲಿನವನಿಗೆ ಇದು ಆಗುವ ಹೋಗುವ ಮಾತೇ? ಗಾಜಿನ ಕೋಣೆ ಕಟ್ಟಿಸಿದ್ದು ದೊಡ್ಡವರು. ನಮ್ಮವರು ಗಿರಾಕಿಯನ್ನು ಫುಟ್‌ಪಾತಿಗೆ ಕಳಿಸಿದರು. ಕೆಲವು ಬಾರುಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಲೋಟವೊಂದು ಮೇಜಿಗೆ ಬರುತ್ತದೆ. ಅದು ಆಶ್‌ಟ್ರೇ ಅಲ್ಲ, ಲೋಟ. ಕಾನೂನಿಗೆ ಉತ್ತರ ಕೊಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕತೆಯಾಗುತ್ತದೆ. ನಾನು ಫೋರ್ಟಿನಲ್ಲಿ ಆಶ್‌ಟ್ರೇ ತೊಳೆಯುತ್ತಿದ್ದ ಕಾಲಕ್ಕೆ ಊರಲ್ಲಿ ನಮ್ಮಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಶನಿವಾರ ಬ್ರಾಂಚಿಗೆ ಒಯ್ದು ಲೆಕ್ಕ ಕೊಟ್ಟು, ಮುಂದಿನ ವಾರಕ್ಕೆ ಎಲೆ, ಹೊಗೆಸೊಪ್ಪು ತರುತ್ತಿದ್ದಳು. ಮುಂಬೈಯ ಹೋಟೆಲುಗಳಿಗೆ ಹುಡುಗರನ್ನು ಕಳಿಸಿದ ತುಳುನಾಡಿನಲ್ಲೇ ಬೀಡಿಯ ದೊಡ್ಡ ದೊಡ್ಡ ಕಂಪನಿಗಳೂ ಬೆಳೆದವು. ನನ್ನ ಶಾಲೆಯ ಫೀಸು ಆ ದುಡ್ಡಿನದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡಿತ್ತು. ಅಮ್ಮ ಕಟ್ಟಿದ ಬೀಡಿ ಸೇದುವವನ ಎದುರು ದಿನಕ್ಕೆ ಹನ್ನೆರಡು ಗಂಟೆ ನಿಲ್ಲುವ ಮಗನ ಶ್ವಾಸಕೋಶ ಕಾನೂನಿಗೆ ಕಾಣಲು ಇನ್ನೂ 42 ವರ್ಷ ಬೇಕಾಯಿತು.

ಪೂರ್ತಿ ಕಂಡಿತು ಎನ್ನಲೂ ಆಗದು. ಗಾಜಿನ ಕೋಣೆಯಲ್ಲಿ ಸೇದುವವನಿಗೆ ಚಾ, ತಿಂಡಿ ಒಯ್ದು ಕೊಡುವವನು ಯಾರು? ಈ ಪ್ರಶ್ನೆಗೆ ಉತ್ತರ ಬಂದದ್ದು 2017ರ ಮೇ ತಿಂಗಳಲ್ಲಿ, ಅದೂ ಹುಕ್ಕಾದ ನೆಪದಲ್ಲಿ. ಮುಂಬೈ ಮಹಾನಗರಪಾಲಿಕೆ ಹೋಟೆಲು ಲೈಸೆನ್ಸಿನ ಷರತ್ತಾಗಿ ಹುಕ್ಕಾ ನಿಷೇಧಿಸಿತ್ತು. ಬಾಂಬೆ ಹೈಕೋರ್ಟು 2011ರಲ್ಲಿ ಒಪ್ಪಿತು. ಕೇಂದ್ರ ಕಾಯ್ದೆ ಕೊಟ್ಟದ್ದನ್ನು ಪಾಲಿಕೆ ಕಿತ್ತುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಆಮೇಲೆ ಕೇಂದ್ರವೇ ನಿಯಮ ತಿದ್ದಿ, ಸೇದುವ ಕೋಣೆಯೊಳಗೆ ಯಾವ ಸೇವೆಯನ್ನೂ ಕೊಡಕೂಡದು ಎಂದಿತು. ಹುಕ್ಕಾ ತಡೆಯಲು ಬರೆದ ಸಾಲು, ನನ್ನ ಕಣ್ಣಿಗೆ ಅದು ಸಪ್ಲಾಯರ್ ಹುಡುಗನಿಗೆ ಬರೆದದ್ದು.

ಅದೇ 2017ರ ಡಿಸೆಂಬರ್ 29ರ ನಡುರಾತ್ರಿ ಲೋವರ್ ಪರೇಲ್‌ನ ಕಮಲಾ ಮಿಲ್ಸ್ ಆವರಣದಲ್ಲಿ ತಾರಸಿಯ ಮೇಲಿನ ರೆಸ್ಟೋರೆಂಟುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಹುಕ್ಕಾದ ಕೆಂಡದ ಕಿಡಿಯೇ ಮೂಲ ಎಂದು ಅಗ್ನಿಶಾಮಕ ದಳದ ತನಿಖೆ ಬೊಟ್ಟುಮಾಡಿತು. 2018ರಲ್ಲಿ ಮಹಾರಾಷ್ಟ್ರ ಕೋಟ್ಪಾಗೆ ತನ್ನದೇ ತಿದ್ದುಪಡಿ ತಂದು ಹುಕ್ಕಾ ಪಾರ್ಲರುಗಳನ್ನು ನಿಷೇಧಿಸಿತು. ನಡೆಸಿದವನಿಗೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ ಒಂದು ಲಕ್ಷ ರೂಪಾಯಿ ದಂಡ. ಶತಮಾನದ ಹಿಂದೆ ಕಾನೂನು ಹೆದರಿದ್ದು ಗಿರಣಿಯ ಚಿಮಣಿಗೆ; ಗಿರಣಿ ಮುಚ್ಚಿದ ಮೇಲೆ ಅದೇ ಅಂಗಳದ ಕೆಂಡಕ್ಕೆ.

ಹೋಟೆಲಿನೊಳಗೆ ಸಿಗರೇಟು ಸೇದಿದರೆ ಕಾಯ್ದೆಯ ದಂಡ ಮಾತ್ರ 2003ರ ಅದೇ 200. ಅದನ್ನು 2,000ಕ್ಕೆ ಏರಿಸಿ, ಹೋಟೆಲುಗಳ ಗಾಜಿನ ಕೋಣೆಯನ್ನೂ ತೆಗೆದುಹಾಕುವ ಕೇಂದ್ರದ 2020ರ ಕರಡು ಮಸೂದೆ ಕಾಯ್ದೆಯಾಗಲೇ ಇಲ್ಲ. ಕರ್ನಾಟಕ ತನ್ನ ಮಟ್ಟಿಗೆ ತಿದ್ದುಪಡಿ ತಂದು 1,000 ಮಾಡಿಕೊಂಡಿದೆ. ಮಹಾರಾಷ್ಟ್ರ 2020ರ ಸೆಪ್ಟೆಂಬರಿನಲ್ಲಿ ಬಿಡಿ ಸಿಗರೇಟು, ಬಿಡಿ ಬೀಡಿ ಮಾರುವುದನ್ನು ನಿಷೇಧಿಸಿತು. ನಮ್ಮ ಓಣಿಯ ಟಪರಿಯಲ್ಲಿ, ಅಂದರೆ ಗೂಡಂಗಡಿಯಲ್ಲಿ, ಇವತ್ತೂ ಒಂದೊಂದಾಗಿಯೇ ಸಿಗುತ್ತದೆ. ಪಕ್ಕದಲ್ಲಿ ಹೊಗೆಯಾಡುವ ಹಗ್ಗದ ತುಂಡೂ ನೇತಾಡುತ್ತಿರುತ್ತದೆ.

ದೇಶದ ದೊಡ್ಡ ತಂಬಾಕು ಸಮೀಕ್ಷೆ ಎರಡು ಸಲ ನಡೆದಿದೆ. 2009-10ರಲ್ಲಿ ಮನೆಯೊಳಗೆ ಬೇರೆಯವರ ಹೊಗೆ ಕುಡಿಯುವ ವಯಸ್ಕರು ಶೇ. 52.3, 2016-17ರಲ್ಲಿ ಅದು ಶೇ. 38.7ಕ್ಕೆ ಇಳಿಯಿತು. ಒಳಾಂಗಣದಲ್ಲಿ ದುಡಿಯುವವರಿಗೆ ಕೆಲಸದ ಜಾಗದಲ್ಲಿ ತಗಲುವ ಹೊಗೆ? ಮೊದಲು ಶೇ. 29.9, ಆಮೇಲೆ ಶೇ. 30.2. ಕಾನೂನು ಕಾಲಿಡದ ಮನೆಯಲ್ಲಿ ಹೊಗೆ ಇಳಿಯಿತು, ಕಾನೂನು ಬೋರ್ಡು ಹಾಕಿದ ಕೆಲಸದ ಜಾಗದಲ್ಲಿ ಇಳಿಯಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಬಾಯಿಬಿಟ್ಟು ಹೇಳುತ್ತಾರೆ, ಕೆಲಸದಲ್ಲಿ ಹೇಳಿದವನ ನೌಕರಿ ಉಳಿಯಬೇಕಲ್ಲ ಎನ್ನುವುದು ನನ್ನ ಊಹೆ.

ಬೋರ್ಡಿನ ಕೆಳಗೆ ಒಂದು ಗೆರೆ ಇರುತ್ತದೆ. ದೂರು ಯಾರಿಗೆ ಕೊಡಬೇಕು ಎಂಬ ಹೆಸರನ್ನು ಅಲ್ಲಿ ಬರೆಯಲೇಬೇಕೆಂದು 2008ರ ನಿಯಮ. ಹೋದ ತಿಂಗಳು ಗೆಳೆಯನ ಹೋಟೆಲಿಗೆ ಹೋದಾಗ ನೋಡಿದೆ, ಎಣ್ಣೆಜಿಡ್ಡಿನ ಕೆಳಗೆ ಇನ್ನೂ ಅವನ ಹಳೆಯ ಮ್ಯಾನೇಜರರ ಹೆಸರೇ ಇದೆ. ಅವರು ಮಂಡಿನೋವೆಂದು ಕಾರ್ಕಳಕ್ಕೆ ಹಿಂದಿರುಗಿ ಆರು ವರ್ಷವಾಯಿತು. "ಬದಲಾಯಿಸೋದಲ್ವಾ?" ಎಂದೆ. ಗೆಳೆಯ ಗಲ್ಲೆಯಿಂದಲೇ ಸಪ್ಲಾಯರ್ ಹುಡುಗನನ್ನು ಕೂಗಿದ: "ಏ, ನಿನ್ನ ಹೆಸರು ಬರೆಸ್ಲಾ?" ಹುಡುಗ ಬೇಡ ಅಣ್ಣ ಎಂಬಂತೆ ತಲೆಯಾಡಿಸಿ, ಮೂರನೇ ಟೇಬಲ್ಲಿಗೆ ನೀರಿಡಲು ಹೋದ.