ನಾಲ್ಕು ದಿನದ ಮಳೆ ಎಲ್ಲಿ ಹೋಯಿತು: ಟಿಪ್ಪಣಿಗಳ ಸಿಂಕ್ ತಪ್ಪುವುದು ಮತ್ತು ಅದನ್ನು ಸರಿಪಡಿಸುವುದು

ಮಲೆನಾಡಿನ ಅನೇಕ ಅಡಿಕೆ ಬೆಳೆಗಾರರಂತೆ ನಾನೂ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳೆದು ಬರೆದಿಡುತ್ತೇನೆ. ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದುದನ್ನು ಕೆಲವು ವರ್ಷಗಳಿಂದ ಫೋನಿನ ನೋಟ್ಸ್ ಆ್ಯಪ್‌ನಲ್ಲಿ ‘ತೋಟ’ ಎಂಬ ಟಿಪ್ಪಣಿಗೆ ಸೇರಿಸುತ್ತಿದ್ದೇನೆ. ಅದೇ ಟಿಪ್ಪಣಿಯನ್ನು ಸಂಜೆ ಲ್ಯಾಪ್‌ಟಾಪ್‌ನಲ್ಲಿ ತೆರೆದು ಗೊಬ್ಬರದ ಖರ್ಚು, ಆಳುಗಳ ಸಂಬಳ, ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸಿದ ದಿನ ಇವನ್ನೆಲ್ಲ ತುಂಬುತ್ತೇನೆ. ಒಂದು ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಅದರ ಹಿಂದೆಯೇ ಟವರ್ ಕೂಡ ನಿಂತು, ನಾಲ್ಕು ದಿನ ಸಿಗ್ನಲ್ ಇರಲಿಲ್ಲ. ನಾಲ್ಕು ದಿನವೂ ಫೋನಿನಲ್ಲಿ ಮಳೆ ಬರೆದೆ. ನಾಲ್ಕನೆಯ ದಿನ ರಾತ್ರಿ ಇನ್ವರ್ಟರ್ ಬೆಳಕಿನಲ್ಲಿ ಲ್ಯಾಪ್‌ಟಾಪ್ ತೆರೆದು ಸಂಬಳದ ಲೆಕ್ಕ ಬರೆದೆ. ಮರುದಿನ ಸಿಗ್ನಲ್ ಬಂದಾಗ ಎರಡೂ ಕಡೆ ‘ಸಿಂಕ್ ಆಗಿದೆ’, ಅಂದರೆ ಎರಡೂ ಪ್ರತಿಗಳು ಒಂದೇ ಆಗಿವೆ, ಎಂಬ ಹಸಿರು ಗುರುತು ಮೂಡಿತು. ಮಳೆಯ ಆ ನಾಲ್ಕು ಸಾಲುಗಳು ಮಾತ್ರ ಫೋನಿನಲ್ಲಿಯೂ ಇರಲಿಲ್ಲ, ಲ್ಯಾಪ್‌ಟಾಪ್‌ನಲ್ಲಿಯೂ ಇರಲಿಲ್ಲ.

ಆ್ಯಪ್ ಕೆಟ್ಟಿರಲಿಲ್ಲ. ಅದಕ್ಕೆ ಹೇಳಿಕೊಟ್ಟಿದ್ದ ನಿಯಮವನ್ನು ಅದು ಚಾಚೂ ತಪ್ಪದೆ ಪಾಲಿಸಿತ್ತು: ಒಂದೇ ಹೆಸರಿನ ಎರಡು ಕಡತಗಳು ಎದುರಾದರೆ ಕೊನೆಗೆ ತಿದ್ದಿದ್ದನ್ನು ಉಳಿಸಿಕೊಂಡು ಇನ್ನೊಂದನ್ನು ಅಳಿಸು. ಲ್ಯಾಪ್‌ಟಾಪ್‌ನ ಪ್ರತಿಯಲ್ಲಿ ರಾತ್ರಿಯ ಸಮಯವಿತ್ತು, ಫೋನಿನದರಲ್ಲಿ ಬೆಳಗಿನ ಸಮಯ. ಹಾಗಾಗಿ ಲ್ಯಾಪ್‌ಟಾಪ್ ಗೆದ್ದಿತು. ಈ ನಿಯಮದ ದೋಷ ಇರುವುದು ಗಡಿಯಾರವನ್ನು ನಂಬುವುದರಲ್ಲಿ. ಫೋನಿನ ಗಡಿಯಾರ ಹತ್ತು ನಿಮಿಷ ಮುಂದಿದ್ದರೆ ಹಳೆಯ ಬರಹವೇ ಹೊಸದೆಂದು ಗೆಲ್ಲುತ್ತದೆ ಎಂಬುದು ಅದರ ಸಣ್ಣ ತೊಂದರೆ. ದೊಡ್ಡ ತೊಂದರೆಯೆಂದರೆ, ಎರಡೂ ಗಡಿಯಾರಗಳು ಸೆಕೆಂಡಿಗೆ ಸೆಕೆಂಡು ಸರಿಯಾಗಿದ್ದರೂ ನನ್ನ ಮಳೆ ಹೋಗುತ್ತಿತ್ತು. ರಾತ್ರಿ ಬರೆದದ್ದು ಬೆಳಿಗ್ಗೆ ಬರೆದದ್ದನ್ನು ನೋಡಿ ಬರೆದದ್ದೇ, ನೋಡದೆ ಬರೆದದ್ದೇ ಎಂಬುದನ್ನು ಸಮಯ ಹೇಳುವುದಿಲ್ಲ.

ಈ ವ್ಯತ್ಯಾಸವನ್ನು ಗಣಿತದ ಭಾಷೆಯಲ್ಲಿ ಸ್ಪಷ್ಟಪಡಿಸಿದವರು ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್. ಬೇರೆ ಬೇರೆ ಕಡೆ ಇರುವ ಯಂತ್ರಗಳ ನಡುವೆ ‘ಮೊದಲು’ ಮತ್ತು ‘ಆಮೇಲೆ’ ಎಂಬ ಮಾತುಗಳಿಗೆ ಅರ್ಥ ಬರುವುದು ಒಂದರ ಸುದ್ದಿ ಇನ್ನೊಂದನ್ನು ತಲುಪಿದಾಗ ಮಾತ್ರ ಎಂದು ಅವರು 1978ರ ಪ್ರಬಂಧವೊಂದರಲ್ಲಿ ತೋರಿಸಿದರು. ಸುದ್ದಿ ತಲುಪದೆ ನಡೆದ ಎರಡು ಘಟನೆಗಳಲ್ಲಿ ಯಾವುದೂ ಮೊದಲಲ್ಲ, ಯಾವುದೂ ಆಮೇಲಲ್ಲ, ಅವು ಸಮಾನಾಂತರ. 2013ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಲ್ಯಾಂಪೋರ್ಟ್ ಅವರ ಈ ವಿಚಾರದ ಮೇಲೆ, 1983ರಲ್ಲಿ ಹಲವು ಯಂತ್ರಗಳಲ್ಲಿ ಕಡತಗಳನ್ನು ಹಂಚಿಡುವ ಲೋಕಸ್ ಎಂಬ ವ್ಯವಸ್ಥೆಯನ್ನು ಕಟ್ಟುತ್ತಿದ್ದ ಸಂಶೋಧಕರು ಒಂದು ಸರಳ ಉಪಾಯ ಕಂಡುಕೊಂಡರು: ಪ್ರತಿಯೊಂದು ಕಡತದ ಜೊತೆ, ಯಾವ ಯಂತ್ರ ಅದನ್ನು ಎಷ್ಟು ಸಲ ತಿದ್ದಿದೆ ಎಂಬ ಎಣಿಕೆಯನ್ನೂ ಇಡುವುದು.

ಅದನ್ನು ನನ್ನ ಟಿಪ್ಪಣಿಗೇ ಹಚ್ಚಿ ನೋಡೋಣ. ಕರೆಂಟ್ ಹೋಗುವ ಮುನ್ನ ‘ತೋಟ’ವನ್ನು ಫೋನ್ 7 ಸಲ, ಲ್ಯಾಪ್‌ಟಾಪ್ 4 ಸಲ ತಿದ್ದಿತ್ತು ಎಂದುಕೊಳ್ಳಿ, ಎರಡೂ ಕಡೆ ಎಣಿಕೆ (7, 4). ನಾಲ್ಕು ದಿನದ ಬಳಿಕ ಫೋನಿನ ಪ್ರತಿಯಲ್ಲಿ (11, 4), ಲ್ಯಾಪ್‌ಟಾಪ್‌ನದರಲ್ಲಿ (7, 5). ಮೊದಲ ಅಂಕಿಯಲ್ಲಿ ಫೋನ್ ಮುಂದಿದೆ, ಎರಡನೆಯದರಲ್ಲಿ ಲ್ಯಾಪ್‌ಟಾಪ್ ಮುಂದಿದೆ. ಯಾವ ಪ್ರತಿಯೂ ಇನ್ನೊಂದನ್ನು ತನ್ನೊಳಗೆ ಪೂರ್ತಿಯಾಗಿ ಹೊಂದಿಲ್ಲ ಎಂಬುದು ಗಡಿಯಾರದ ಹಂಗಿಲ್ಲದೆ ತಿಳಿಯಿತು. ಬದಲಿಗೆ (11, 4) ಮತ್ತು (11, 5) ಎದುರಾಗಿದ್ದರೆ, ಎರಡನೆಯದು ಮೊದಲನೆಯದನ್ನು ನೋಡಿಯೇ ಬರೆದದ್ದು ಎಂದರ್ಥ. ಹಳೆಯದನ್ನು ನಿಶ್ಚಿಂತೆಯಿಂದ ಬದಲಿಸಬಹುದು. ಎರಡೇ ಅಂಕಿಗಳ ಈ ಪುಟ್ಟ ಲೆಕ್ಕವನ್ನು ಇಟ್ಟುಕೊಳ್ಳದ ಆ್ಯಪ್‌ಗೆ ನಮ್ಮ ಬರಹವನ್ನು ಒಪ್ಪಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಹೀಗೆ ಎರಡು ಪ್ರತಿಗಳ ನಡುವೆ ಘರ್ಷಣೆಯಾಗಿದೆ ಎಂದು ತಿಳಿದ ಮೇಲೆ ಏನು ಮಾಡಬೇಕೆಂಬುದು ಬೇರೆಯೇ ಪ್ರಶ್ನೆ. ಸಂಪರ್ಕವಿಲ್ಲದಾಗಲೂ ಜನರಿಗೆ ಬರೆಯಲು ಬಿಡಬೇಕು, ಘರ್ಷಣೆಯನ್ನು ಆಮೇಲೆ ಬಿಡಿಸಿದರಾಯಿತು ಎಂಬ ದಾರಿಯನ್ನು 1980ರ ದಶಕದ ಕೊನೆಯಲ್ಲಿಯೇ ಹಿಡಿದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸೇರಿದ ಮಹಾದೇವ ಸತ್ಯನಾರಾಯಣನ್ ಮುಖ್ಯರು. ಅವರ ಕೋಡಾ ಎಂಬ ಕಡತ ವ್ಯವಸ್ಥೆಯ ಈ ಗುಣ ಇಂದಿನ ಸಿಂಕ್ ಸೇವೆಗಳಲ್ಲಿ ಕಾಣುತ್ತದೆ. ಇಂದು ಬಹುತೇಕ ಸೇವೆಗಳು ಎರಡೂ ಪ್ರತಿಗಳನ್ನು ಉಳಿಸುತ್ತವೆ. ಡ್ರಾಪ್‌ಬಾಕ್ಸ್ ಎರಡನೆಯ ಪ್ರತಿಯ ಹೆಸರಿಗೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂದು ಸೇರಿಸುತ್ತದೆ, ಸಿಂಕ್‌ಥಿಂಗ್ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಪದದೊಂದಿಗೆ ದಿನಾಂಕ ಮತ್ತು ಸಮಯವನ್ನು ಸೇರಿಸುತ್ತದೆ, ಜಾಪ್ಲಿನ್ ಅಂಥವನ್ನು ಪ್ರತ್ಯೇಕ ಪುಸ್ತಕದಲ್ಲಿಡುತ್ತದೆ. ಟಿಪ್ಪಣಿಯೊಳಗಿನ ಸಾಲುಗಳು ಕಾಣೆಯಾದವೆಂದು ಗಾಬರಿಗೊಂಡವರು ಮೊದಲು ಹುಡುಕಬೇಕಾದದ್ದು ಈ ಹೆಸರುಗಳನ್ನು.

ಎರಡು ಪ್ರತಿಗಳನ್ನು ಯಂತ್ರವೇ ಹೆಣೆಯಲಾರದೇ ಎಂದರೆ, ಸ್ವಲ್ಪ ಮಟ್ಟಿಗೆ ಹೆಣೆಯಬಲ್ಲದು. ಇಬ್ಬರೂ ತಿದ್ದುವ ಮುನ್ನ ಇದ್ದ ಮೂಲ ಪ್ರತಿ ಕೈಯಲ್ಲಿದ್ದರೆ, ಯಾರು ಯಾವ ಸಾಲನ್ನು ಸೇರಿಸಿದರೆಂದು ಹೋಲಿಸಿ ಎರಡನ್ನೂ ಒಂದಾಗಿಸಬಹುದು. ಆದರೆ ನನ್ನಂತೆ ಎರಡೂ ಕಡೆ ಟಿಪ್ಪಣಿಯ ಕೊನೆಯಲ್ಲೇ ಬರೆದಿದ್ದರೆ, ಎರಡೂ ಬದಲಾವಣೆಗಳು ಒಂದೇ ಜಾಗದಲ್ಲಿ ಬಿದ್ದು ಆ ವಿಧಾನವೂ ಕೈಚೆಲ್ಲುತ್ತದೆ. 2011ರಲ್ಲಿ ಮಾರ್ಕ್ ಶಪೀರೋ ಮತ್ತು ಸಂಗಡಿಗರು ವ್ಯವಸ್ಥಿತವಾಗಿ ವಿವರಿಸಿದ ದತ್ತ ರಚನೆಗಳು (ಮಾಹಿತಿಯನ್ನು ಜೋಡಿಸಿಡುವ ವಿಧಾನಗಳು) ಇನ್ನೂ ಮುಂದೆ ಹೋಗುತ್ತವೆ. ಅವುಗಳ ಮಾದರಿಯ ಆ್ಯಪ್‌ಗಳು ಒಂದೊಂದು ಅಕ್ಷರಕ್ಕೂ ಬದಲಾಗದ ಗುರುತನ್ನು ಕೊಡುವುದರಿಂದ, ತಿದ್ದುಗಳು ಯಾವ ಕ್ರಮದಲ್ಲಿ ಬಂದರೂ ಎಲ್ಲ ಯಂತ್ರಗಳೂ ಕೊನೆಗೆ ಒಂದೇ ಪಠ್ಯವನ್ನು ತಲುಪುತ್ತವೆ. ಆ ಪಠ್ಯ ಸರಿಯಾಗಿಯೇ ಇರುತ್ತದೆಂದು ಮಾತ್ರ ಹೇಳಲಾಗದು. ಒಂದು ದಿನದ ಮಳೆ 82 ಮಿಲಿಮೀಟರ್ ಎಂದು ಬರೆದದ್ದನ್ನು ಫೋನಿನಲ್ಲಿ 8 ಅಳಿಸಿ 92 ಮಾಡಿ, ಸಂಪರ್ಕವಿಲ್ಲದ ಲ್ಯಾಪ್‌ಟಾಪ್‌ನಲ್ಲಿ 2 ಅಳಿಸಿ 87 ಮಾಡಿದರೆ, ಎರಡೂ ತಿದ್ದುಗಳನ್ನು ಪ್ರಾಮಾಣಿಕವಾಗಿ ಹೆಣೆದ ಮೇಲೆ ಉಳಿಯುವುದು 97. ಅಷ್ಟು ಮಳೆಯನ್ನು ಯಾರೂ ಅಳೆದಿಲ್ಲ, ಯಾರೂ ಬರೆದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇದರ ಮೇಲೆ ಇನ್ನೊಂದು ತೊಡಕಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಟಿಪ್ಪಣಿಯ ಶೀರ್ಷಿಕೆಯೇ ಕಡತದ ಹೆಸರಾಗುವ ಅಬ್ಸಿಡಿಯನ್‌ನಂಥ ಆ್ಯಪ್‌ಗಳಲ್ಲಿ ‘ತೋಟ’ ಎಂಬ ಹೆಸರನ್ನು ಯಂತ್ರ ಎರಡು ರೀತಿಯಲ್ಲಿ ಬರೆದಿಡಬಹುದು. ಅಕ್ಷರದ ಒಂದೊಂದು ಭಾಗಕ್ಕೂ ಯಂತ್ರ ಇಡುವ ಸಂಖ್ಯೆಯೇ ಸಂಕೇತ. ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆದರೆ ಇಡೀ ಪದಕ್ಕೆ ಮೂರು ಸಂಕೇತ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಆದ್ದರಿಂದ ಒಟ್ಟು 9 ಬೈಟ್. ಅದನ್ನೇ ಶಾಲೆಯ ಕಾಗುಣಿತದಂತೆ ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಬಿಡಿಸಿ ಬರೆದರೆ ಐದು ಸಂಕೇತ, 15 ಬೈಟ್. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಬೈಟ್‌ಗಳನ್ನು ಇದ್ದಂತೆಯೇ ಹೋಲಿಸುವ ಲಿನಕ್ಸ್‌ಗೆ ಅವು ಎರಡು ಬೇರೆ ಕಡತಗಳು. ನಡುವಿನ ಸಿಂಕ್ ತಂತ್ರಾಂಶ ಎಚ್ಚರ ವಹಿಸದಿದ್ದರೆ ಒಂದೇ ಹೆಸರಿನ ಎರಡು ‘ತೋಟ’ಗಳು ಅಕ್ಕಪಕ್ಕ ಕೂರುತ್ತವೆ. ‘ನೋಟ್ಸ್’ ಎಂಬಂಥ ಪದದ ಕೊನೆಯಲ್ಲಿ ಕೆಲವು ಕೀಲಿಮಣೆಗಳು ಸೇರಿಸುವ, ಕಣ್ಣಿಗೆ ಕಾಣದ ಬೇರ್ಪಡಿಸುವ ಸಂಕೇತ ಇನ್ನೂ ಕಠಿಣ, ಏಕೆಂದರೆ ಯೂನಿಕೋಡ್‌ನ ಏಕರೂಪೀಕರಣ (ಬೇರೆ ಬೇರೆಯಾಗಿ ಬರೆದದ್ದನ್ನು ಒಂದೇ ರೂಪಕ್ಕೆ ತರುವ) ನಿಯಮಗಳೂ ಅದನ್ನು ತೆಗೆಯುವುದಿಲ್ಲ.

ಉದ್ದದ ಮಿತಿಯೂ ನಮ್ಮನ್ನು ಬೇಗ ಹಿಡಿಯುತ್ತದೆ. ಲಿನಕ್ಸ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ಕಡತದ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಇಂಗ್ಲಿಷಿಗೆ ಅದು 255 ಅಕ್ಷರ, ಕನ್ನಡಕ್ಕೆ ಹೆಚ್ಚೆಂದರೆ 85 ಸಂಕೇತ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳನ್ನು ನುಂಗುತ್ತದೆ. ವಿಂಡೋಸ್ ಬೈಟ್ ಬದಲು ಬೇರೆ ಏಕಮಾನದಲ್ಲಿ ಎಣಿಸುವುದರಿಂದ ಅಲ್ಲಿ ಹಿಡಿಸುವ ಉದ್ದ ಶೀರ್ಷಿಕೆ ಫೋನಿಗೆ ಇಳಿಯದೆ ಉಳಿಯಬಹುದು. ಇದಕ್ಕೆ ವಿರುದ್ಧವಾಗಿ, ಪ್ರಶ್ನಾರ್ಥಕ ಚಿಹ್ನೆ ಅಥವಾ ಲಂಬ ಗೆರೆ (|) ಉಳ್ಳ ಹೆಸರು ವಿಂಡೋಸ್‌ಗೆ ಹಿಡಿಸುವುದಿಲ್ಲ. ಬಳಕೆದಾರರು ಕನ್ನಡದ ಹೆಸರು ಬಿಡಬೇಕೆಂದು ಇದರ ಅರ್ಥವಲ್ಲ. ಹೋಲಿಸುವ ಮುನ್ನ ಹೆಸರುಗಳನ್ನು ಏಕರೂಪಕ್ಕೆ ತರುವುದು ತಂತ್ರಾಂಶ ಬರೆಯುವವರ ಕರ್ತವ್ಯ.

ಸಿಂಕ್ ಕೆಟ್ಟಿದೆ ಎಂದು ಅನುಮಾನ ಬಂದ ಕೂಡಲೇ ಮಾಡಬೇಕಾದದ್ದು ಎಲ್ಲ ಉಪಕರಣಗಳಲ್ಲೂ ಅದನ್ನು ನಿಲ್ಲಿಸುವುದು. ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳುವವರೇ ಹೆಚ್ಚು, ಹಾಗೆ ಮಾಡಿದರೆ ಫೋನಿನಲ್ಲಿ ಮಾತ್ರ ಉಳಿದಿರಬಹುದಾದ ಪ್ರತಿಯೂ ಹೋಗುತ್ತದೆ. ನಿಲ್ಲಿಸಿದ ಮೇಲೆ ಪ್ರತಿ ಉಪಕರಣದ ಟಿಪ್ಪಣಿಗಳನ್ನು ಸಿಂಕ್ ತಲುಪದ ಬೇರೆ ಬೇರೆ ಫೋಲ್ಡರ್‌ಗಳಿಗೆ ನಕಲಿಸಿ, ಘರ್ಷಣೆಯ ಪ್ರತಿಗಳನ್ನು ಹುಡುಕಿ, ಸಾಲು ಸಾಲಾಗಿ ಹೋಲಿಸಿ ಒಂದು ಪ್ರತಿಯನ್ನು ಕೈಯಾರೆ ಸಿದ್ಧಪಡಿಸಬೇಕು. ಬಳಿಕ ಒಂದೇ ಉಪಕರಣದಿಂದ ಸಿಂಕ್ ಆರಂಭಿಸಿ ಉಳಿದವನ್ನು ಒಂದೊಂದಾಗಿ ಸೇರಿಸಿಕೊಳ್ಳಬೇಕು. ಒಂದೇ ಫೋಲ್ಡರನ್ನು ಎರಡು ಸೇವೆಗಳು ಸಿಂಕ್ ಮಾಡುತ್ತಿದ್ದರೆ ಒಂದನ್ನು ತೆಗೆಯಲೇಬೇಕು, ಏಕೆಂದರೆ ಒಂದರ ಎಣಿಕೆ ಇನ್ನೊಂದಕ್ಕೆ ತಿಳಿಯದು. ಆಂಡ್ರಾಯ್ಡ್ 2015ರ 6.0 ಆವೃತ್ತಿಯಿಂದ ಮಲಗಿರುವ ಫೋನಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ತಡೆಹಿಡಿಯುವುದರಿಂದ, ಟಿಪ್ಪಣಿ ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡುವುದು ಒಳ್ಳೆಯದು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಟ್ಯಾಬ್ಲೆಟ್ಟನ್ನು ಸೇರಿಸುವಾಗ ಅದರೊಳಗಿನ ಹಳೆಯ ಟಿಪ್ಪಣಿಗಳನ್ನು ಮೊದಲು ಖಾಲಿ ಮಾಡಬೇಕು. ‘ಇದನ್ನು ಅಳಿಸಲಾಗಿದೆ’ ಎಂಬ ಗುರುತನ್ನು ಉಳಿದ ಯಂತ್ರಗಳು ಅಷ್ಟರಲ್ಲಿ ಮರೆತಿದ್ದರೆ, ಎಂದೋ ಅಳಿಸಿದ್ದೆಲ್ಲ ಮರಳಿ ಬರುತ್ತದೆ. ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಸಿಂಕ್‌ಥಿಂಗ್‌ನಲ್ಲಿ ಇದೆಯಾದರೂ ಅದು ಬೇರೆ ಉಪಕರಣದಿಂದ ಬಂದ ಬದಲಾವಣೆಗೆ ಮಾತ್ರ ಅನ್ವಯಿಸುವುದರಿಂದ, ಎರಡೂ ಕಡೆ ಅದನ್ನು ತೆರೆದಿಡಬೇಕು.

ನಾನು ಈಗ ‘ತೋಟ’ವನ್ನು ಒಡೆದಿದ್ದೇನೆ. ಮಳೆಗೆ ದಿನಕ್ಕೊಂದು ಕಡತ. ಅದರ ಹೆಸರು ಆ ದಿನದ ದಿನಾಂಕ, ಬರೆಯುವುದು ಫೋನಿನಲ್ಲಿ ಮಾತ್ರ. ಲೆಕ್ಕದ ಕಡತವನ್ನು ಲ್ಯಾಪ್‌ಟಾಪ್ ಮಾತ್ರ ತಿದ್ದುತ್ತದೆ. ಕಳೆದುಹೋದ ನಾಲ್ಕು ದಿನಗಳಲ್ಲಿ ಎರಡರ ಅಳತೆ ಪಕ್ಕದ ತೋಟದವರ ಕ್ಯಾಲೆಂಡರಿನಲ್ಲಿ ಸಿಕ್ಕಿತು, ಅದು ಅವರ ಅಂಗಳದ ಮಳೆಯೆಂದು ಪಕ್ಕದಲ್ಲಿ ಬರೆದು ಸೇರಿಸಿಕೊಂಡಿದ್ದೇನೆ. ಉಳಿದೆರಡು ದಿನಗಳ ಜಾಗವನ್ನು ಖಾಲಿ ಬಿಟ್ಟಿದ್ದೇನೆ.