ಒಂದು ಫರ್ಲಾಂಗಿನ ಜಿಗಿತ

1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್‌ಗೆ ಹಾರಲು ಬರುತ್ತಿರಲಿಲ್ಲ. ಜಿಗಿಯುತ್ತಿದ್ದ, ಅಷ್ಟೆ. ದೂರ ಮೈಲಿಯ ಎಂಟನೇ ಒಂದು ಭಾಗ, ಅಂದರೆ ನಮ್ಮ ಹಿರಿಯರ ಲೆಕ್ಕದಲ್ಲಿ ಸರಿಯಾಗಿ ಒಂದು ಫರ್ಲಾಂಗು. ಎತ್ತರ ಇಪ್ಪತ್ತು ಮಹಡಿ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್ ಕೊಟ್ಟ ಈ ಎರಡು ಅಳತೆಗಳು ನನಗೆ ಬಹಳ ಪ್ರಿಯ. ಖಚಿತ ಸಂಖ್ಯೆ ಸಿಕ್ಕರೆ ಕಲ್ಪನೆಯ ವೀರನನ್ನೂ ತೂಗಿ ನೋಡಬಹುದು.

ಮಹಡಿಗೆ ಮೂರು ಮೀಟರಿನಂತೆ ಎತ್ತರ 60 ಮೀಟರ್, ದೂರ 200 ಮೀಟರ್. ಗಾಳಿಯ ತಡೆಯನ್ನು ಬಿಟ್ಟರೆ, ನೆಲದಿಂದ 50 ಡಿಗ್ರಿ ಕೋನದಲ್ಲಿ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಚಿಮ್ಮಿದವನಿಗೆ ಒಂದೇ ಜಿಗಿತದಲ್ಲಿ ಎರಡೂ ದಕ್ಕುತ್ತವೆ! ದೇಹದ ತೂಕ 100 ಕಿಲೋ ಎಂದುಕೊಂಡರೆ ಇದಕ್ಕೆ ಬೇಕಾದ ಶಕ್ತಿ ಒಂದು ಲಕ್ಷ ಜೂಲ್. ಒಂದೂವರೆ ಟೀ ಚಮಚ ಸಕ್ಕರೆಯಲ್ಲಿ ಅಷ್ಟು ಶಕ್ತಿ ಇರುತ್ತದೆ.

ಹಾಗಾದರೆ ಅಚ್ಚರಿ ಎಲ್ಲಿದೆ? ಸಮಯದಲ್ಲಿ. ಮಂಡಿ ಮಡಿಸಿ ಕಾಲು ನೆಟ್ಟಗಾಗುವ ಅರ್ಧ ಮೀಟರ್ ಅಂತರದಲ್ಲಿ, ಸೆಕೆಂಡಿನ ನಲವತ್ತೈದನೇ ಒಂದು ಭಾಗದಲ್ಲಿ, ಆ ಶಕ್ತಿಯೆಲ್ಲ ಹೊರಬರಬೇಕು. ಕಾಲು ನೆಲವನ್ನು ಒತ್ತುವ ಬಲ 20 ಟನ್ ತೂಕದಷ್ಟು. ಸಾಮರ್ಥ್ಯ, ಅಂದರೆ ಶಕ್ತಿ ಹೊರಬರುವ ವೇಗ, ಸುಮಾರು 6,000 ಅಶ್ವಶಕ್ತಿ. ನಮ್ಮ ರೈಲ್ವೆಯ ಹಲವು ದೊಡ್ಡ ವಿದ್ಯುತ್ ಎಂಜಿನ್‌ಗಳ ಸಾಮರ್ಥ್ಯವೂ ಹೆಚ್ಚುಕಡಿಮೆ ಇಷ್ಟೇ.

ಈಗ 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್‌ನನ್ನು ಪಕ್ಕದಲ್ಲಿ ನಿಲ್ಲಿಸೋಣ. ಮಾರ್ವೆಲ್ ಪ್ರಕಾಶನದ ಕೈಪಿಡಿಯ ಪ್ರಕಾರ ಅವನು ಸುಮಾರು 10 ಟನ್ ಎತ್ತಬಲ್ಲ. ಬಲದಲ್ಲಿ ಅವನದು ಅರ್ಧ. ಆದರೆ ಆ ಹೊರೆಯನ್ನು ತಲೆಯ ಮೇಲಕ್ಕೆ, ಎರಡು ಮೀಟರ್ ಎತ್ತಿದನೆನ್ನಿ: ವ್ಯಯವಾಗುವ ಶಕ್ತಿ ಎರಡು ಲಕ್ಷ ಜೂಲ್‌ಗೆ ಹತ್ತಿರ. ಶಕ್ತಿಯಲ್ಲಿ ಅವನೇ ಮುಂದೆ! ಎತ್ತಲು ಎರಡು ಸೆಕೆಂಡು ತೆಗೆದುಕೊಂಡರೆ ಸಾಮರ್ಥ್ಯ ಮಾತ್ರ ನೂರು ಚಿಲ್ಲರೆ ಅಶ್ವಶಕ್ತಿಗೆ ಇಳಿಯುತ್ತದೆ. ದಿನಬಳಕೆಯಲ್ಲಿ ನಾವು ಬಲ, ಶಕ್ತಿ, ಸಾಮರ್ಥ್ಯ ಮೂರನ್ನೂ ಒಂದೇ ಅರ್ಥದಲ್ಲಿ ಆಡುತ್ತೇವೆ. ಯಾರು ಹೆಚ್ಚು ಎಂದು ಕೇಳುವ ಮಗುವಿಗೆ, ಯಾವುದರಲ್ಲಿ ಎಂದು ಮರುಪ್ರಶ್ನೆ ಹಾಕಲೇಬೇಕು.

ಸೂಪರ್‌ಮ್ಯಾನ್‌ನ ಆ ಮೊದಲ ಸಂಚಿಕೆ ಅವನ ಬಲಕ್ಕೆ ಒಂದು ವಿವರಣೆಯನ್ನೂ ಕೊಟ್ಟಿತ್ತು: ಇರುವೆ ತನ್ನ ತೂಕದ ನೂರಾರು ಪಟ್ಟು ಹೊರುವುದಿಲ್ಲವೇ ಎಂದು. ಇಲ್ಲಿ ಮಾತ್ರ ಎಡವಿತು. ಅರ್ಧ ಸೆಂಟಿಮೀಟರಿನ ಇರುವೆಯನ್ನು ಆಳೆತ್ತರಕ್ಕೆ, 340 ಪಟ್ಟು ಹಿಗ್ಗಿಸಿದರೆ ಬಲ 340ರ ವರ್ಗದಂತೆ ಹೆಚ್ಚುತ್ತದೆ, ತೂಕವೋ ಘನದಂತೆ. ನೂರು ಪಟ್ಟು ಹೊರುತ್ತಿದ್ದ ಇರುವೆ ಆಗ ತನ್ನ ತೂಕದ ಮೂರನೇ ಒಂದು ಭಾಗವನ್ನೂ ಎತ್ತಲಾರದು. ಗಾತ್ರದ ಈ ನಿಯಮವನ್ನು ಗೆಲಿಲಿಯೋ ಪ್ರಕಟಿಸಿದ್ದು 1638ರಲ್ಲಿ, ಸೂಪರ್‌ಮ್ಯಾನ್ ಜಿಗಿಯುವುದಕ್ಕೆ ಸರಿಯಾಗಿ 300 ವರ್ಷ ಮೊದಲು.